12 ನಿಮಿಷದ ಹಾಡಿಗೆ 14 ತಿಂಗಳು

ಹೋದ ವಾರ ನಾನು ಹಾಡಿ ರೆಕಾರ್ಡ್ ಮಾಡಿದ ಐದು ಜರ್ಮನ್ ಹಾಡುಗಳು ಕೊನೆಗೂ ಹೊರಬಂದವು. ಐದೂ ಸೇರಿ 12 ನಿಮಿಷ ಚಿಲ್ಲರೆ. ಇದಕ್ಕೆ 14 ತಿಂಗಳು ಹಿಡಿಯಿತು. ಹಾಡಿದ್ದು ಒಂದೇ ದಿನ. ಮಿಕ್ಕಿದ್ದೆಲ್ಲ ಕಾಯುವುದು, ಫೋನ್ ಮಾಡುವುದು, ಫಾರಂ ತುಂಬುವುದು, ನೆಗಡಿ ವಾಸಿಯಾಗಲಿ ಅಂತ ಬಿಸಿನೀರು ಕುಡಿಯುವುದು. ಇಂಥ ಹುಚ್ಚು ಇನ್ಯಾರಿಗಾದರೂ ಹಿಡಿದರೆ ಸ್ವಲ್ಪ ದಾರಿ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ಜರ್ಮನಿಯ ಲೈಪ್ಜಿಗ್‌ನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೆ, ವರ್ಣದ ತನಕ ಬಂದು ಪಿಯುಸಿ ನೆಪ ಹೇಳಿ ಬಿಟ್ಟೆ. ಇಲ್ಲಿಗೆ ಬಂದ ಮೇಲೆ ಸಂಜೆ ಹೊತ್ತು ಪಾಶ್ಚಾತ್ಯ ಗಾಯನದ ಪಾಠಕ್ಕೆ ಸೇರಿಕೊಂಡೆ. ಅಲ್ಲಿ ಸಿಕ್ಕಿದ್ದು ‘ಲೀಡ್’ ಅನ್ನುವ ಹಾಡು. ಒಂದು ಕವಿತೆ, ಒಂದು ಗಂಟಲು, ಒಂದು ಪಿಯಾನೋ, ಅಷ್ಟೇ. ನಮ್ಮ ಭಾವಗೀತೆಗೆ ದೂರದ ನೆಂಟ ಅನ್ನಬಹುದು. ಆದರೆ ಇಲ್ಲಿ ಪಿಯಾನೋ ಸುಮ್ನೆ ಪಕ್ಕವಾದ್ಯ ಅಲ್ಲ. ಹಾಡಿನ ಅರ್ಧ ಮಾತು ಅದರದ್ದೇ.

ಈ ಊರಿನಲ್ಲಿದ್ದುಕೊಂಡು ಬೇರೆ ಯಾರನ್ನು ಹಾಡಲಿ? ಪಿಯಾನೋ ವಾದಕಿ, ಸಂಯೋಜಕಿ ಕ್ಲಾರಾ ಹುಟ್ಟಿದ್ದು ಇಲ್ಲೇ, 1819ರಲ್ಲಿ. ಅವಳನ್ನು ಸಂಯೋಜಕ ರಾಬರ್ಟ್ ಶೂಮನ್‌ಗೆ ಕೊಡಲು ಅಪ್ಪ ಒಪ್ಪಲಿಲ್ಲ, ವಿಷಯ ಕೋರ್ಟಿಗೆ ಹೋಯಿತು. ಗೆದ್ದು, 1840ರ ಸೆಪ್ಟೆಂಬರ್ 12ರಂದು, ಅವಳಿಗೆ 21 ತುಂಬುವ ಹಿಂದಿನ ದಿನ, ಊರಾಚೆಯ ಶೋನೆಫೆಲ್ಡ್ ಚರ್ಚಿನಲ್ಲಿ ಮದುವೆಯಾದರು. ಆ ವರ್ಷ ರಾಬರ್ಟ್ ಬರೆದ ಹಾಡುಗಳು ನೂರಕ್ಕೂ ಜಾಸ್ತಿ. ಅದರಲ್ಲಿ 26 ಹಾಡಿನ ಒಂದು ಗೊಂಚಲು ಕ್ಲಾರಾಗೆ ಮದುವೆಯ ಉಡುಗೊರೆ. ಅವರಿಬ್ಬರೂ ಸಂಸಾರ ಹೂಡಿದ ಇನ್ಸೆಲ್‌ಸ್ಟ್ರಾಸೆಯ ಮನೆ ಈಗ ಮ್ಯೂಸಿಯಂ. ನಾನು ಆ ಮನೆಯ ಮುಂದೆ ಎಷ್ಟು ಸಲ ಸೈಕಲ್ ತುಳಿದಿದ್ದೇನೋ ಲೆಕ್ಕವಿಲ್ಲ.

ಐದು ಹಾಡು ಆರಿಸಿಕೊಂಡೆ. ಮೂರರಲ್ಲಿ ತಾವರೆ ಇದೆ, ಬೇಕೆಂದೇ. ಮೆಂಡೆಲ್ಸನ್‌ನ ‘ಹಾಡಿನ ರೆಕ್ಕೆಯ ಮೇಲೆ’, ಹೈನೆಯ ಕವಿತೆ, ನಲ್ಲೆಯನ್ನು ಗಂಗೆಯ ತೀರಕ್ಕೆ ಹಾರಿಸಿಕೊಂಡು ಹೋಗುತ್ತೇನೆ ಅನ್ನುತ್ತದೆ. ರಾಬರ್ಟನ ‘ತಾವರೆ’, ಅದೂ ಹೈನೆಯದೇ. ಕ್ಲಾರಾಳ ‘ಮೌನ ತಾವರೆ’, ಗೈಬೆಲ್‌ನ ಕವಿತೆ. ಇವುಗಳ ಜೊತೆ ರೂಕರ್ಟ್ ಕವಿತೆಗಳಿಗೆ ರಾಗ ಹಾಕಿದ ಎರಡು ಪ್ರೇಮಗೀತೆ, ಗಂಡನದೊಂದು, ಹೆಂಡತಿಯದೊಂದು. ಹೈನೆ ಇಂಡಿಯಾಕ್ಕೆ ಬಂದವನೇ ಅಲ್ಲ. ಬಾನ್ ಊರಿನಲ್ಲಿ ಓದುವಾಗ ಶ್ಲೇಗೆಲ್ ಅನ್ನುವ ಸಂಸ್ಕೃತ ಪಂಡಿತರ ಪಾಠ ಕೇಳಿದ್ದ. ರೂಕರ್ಟ್ ಅಂತೂ ಸಂಸ್ಕೃತದಿಂದ ನೇರವಾಗಿ ಅನುವಾದ ಮಾಡಿದವನು. ನಮ್ಮ ತಾವರೆ ಅವರ ಕೊಳಕ್ಕೆ ಹೋಗಿದ್ದು ಆ ದಾರಿಯಲ್ಲಿ.

ಮೊದಲನೆಯ ಕೆಲಸ ಶ್ರುತಿ. ಈ ಹಾಡುಗಳಿಗೆ ಎತ್ತರದ ದನಿ, ನಡುದನಿ, ಮಂದ್ರದ ದನಿ ಅಂತ ಬೇರೆಬೇರೆ ಆವೃತ್ತಿ ಸಿಗುತ್ತವೆ. ನನ್ನದು ನಡುದನಿ. ರಾಬರ್ಟನ ತಾವರೆಯನ್ನು ಕೆಳಗಿಳಿಸಿದೆ. ಇಳಿಸಿದರೆ ಗಂಟಲಿಗೆ ಸುಖ, ಪಿಯಾನೋಗೆ ಕಷ್ಟ: ಎಡಗೈಯ ಸ್ವರಗಳು ಕೆಳಗೆ ಹೋಗಿ ಮಂಕಾಗುತ್ತವೆ. ಹಾಗಾಗಿ ಶ್ರುತಿಯನ್ನು ಪಿಯಾನೋ ನುಡಿಸುವವರ ಜೊತೆ ಕೂತು ತೀರ್ಮಾನ ಮಾಡಿ, ಒಬ್ಬರೇ ಮಾಡಬೇಡಿ. ನಾನು ಒಬ್ಬಳೇ ಮಾಡಿ ಎರಡು ತಿಂಗಳು ಕಲಿತು, ಆಮೇಲೆ ಮತ್ತೆ ಅರ್ಧ ಸ್ವರ ಮೇಲೆತ್ತಿ ಕಲಿತೆ.

ಇನ್ನೊಂದು, ಸ್ವರಲಿಪಿಯ ಪುಸ್ತಕ. ಮೂಲ ಸಂಗೀತಕ್ಕೆ ಹಕ್ಕು (ಕಾಪಿರೈಟ್) ಮುಗಿದಿದ್ದರೂ, ಪಂಡಿತರು ಹೊಸದಾಗಿ ಶೋಧಿಸಿದ ಆವೃತ್ತಿಗೆ ಜರ್ಮನಿಯಲ್ಲಿ 25 ವರ್ಷ ಬೇರೆ ಹಕ್ಕು ಇರಬಹುದು. ಆ ಗೋಜು ಬೇಡ ಅಂತ ನಾವು ಹಳೆಯ ಪುಸ್ತಕಗಳನ್ನೇ ಹಿಡಿದೆವು. ರಾಬರ್ಟನ ಹಾಡುಗಳಿಗೆ ಮೂಲವಾಗಿ ನೋಡಿಕೊಂಡಿದ್ದು ಕ್ಲಾರಾ ಸಂಪಾದಿಸಿದ ಸಮಗ್ರ ಸಂಪುಟ. ಹೆಂಡತಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ, ಅಲ್ವಾ?

ಇನ್ನು ಉಚ್ಚಾರ. ಇದರ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಾವು ಕನ್ನಡದವರು ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಗೊತ್ತಿಲ್ಲದೆ ಒಂದು ‘ಉ’ ಬಾಲ ಸೇರಿಸುತ್ತೇವೆ. ಬಸ್ ‘ಬಸ್ಸು’ ಆಗುತ್ತದೆ, ಕಾರ್ ‘ಕಾರು’ ಆಗುತ್ತದೆ, ಮಾತಾಡುವಾಗ ಅದು ಚೆಂದವೇ. ಜರ್ಮನ್ ಕವಿತೆಯಲ್ಲಿ ಎಷ್ಟೋ ಸಾಲುಗಳ ಕೊನೆ ಪದ ಮುಗಿಯುವುದು ವ್ಯಂಜನದಲ್ಲಿ. ರಾತ್ರಿ ಅನ್ನುವ ‘ನಾಖ್ಟ್’ ನನ್ನ ಬಾಯಲ್ಲಿ ‘ನಾಖ್ಟು’ ಆಗುತ್ತಿತ್ತು. ಕೋಣೆಯಲ್ಲಿ ಹಾಡುವಾಗ ಯಾರಿಗೂ ಕೇಳಿಸದು. ಮೈಕಿಗೆ ಕೇಳಿಸುತ್ತದೆ. ಮೊದಲ ಸಲ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಮೈಸೂರಿನ ಶಿವರಾಂಪೇಟೆಯಲ್ಲಿ ತರಕಾರಿ ಕೊಳ್ಳುವ ಹಾಗೆ ಕೇಳಿಸಿ ಒಬ್ಬಳೇ ನಕ್ಕೆ. ಇನ್ನು ‘ಟ’. ನಮ್ಮ ‘ಟ’ಕ್ಕೆ ನಾಲಿಗೆ ಹಿಂದಕ್ಕೆ ಮಡಚುತ್ತದೆ, ‘ತ’ಕ್ಕೆ ಹಲ್ಲಿಗೆ ತಾಗುತ್ತದೆ. ಅವರದು ಎರಡರ ನಡುವೆ, ವಸಡಿನ ಹತ್ತಿರ, ಜೊತೆಗೆ ಒಂದಿಷ್ಟು ಉಸಿರು. ಇದೊಂದಕ್ಕೇ ನನಗೆ ಆರು ವಾರ ಬೇಕಾಯಿತು. ಜಾರು, ಗಮಕದ ಅಭ್ಯಾಸವೂ ಇಣುಕುತ್ತಿತ್ತು. ಪಾಠದ ಟೀಚರ್ ಅದನ್ನು ಪೂರ್ತಿ ತೆಗೆಯಲು ಬಿಡಲಿಲ್ಲ, ಎರಡು ಕಡೆ ಇರಲಿ ಅಂದರು. ಯಾವ ಎರಡು ಕಡೆ ಅಂತ ಹೇಳುವುದಿಲ್ಲ.

ಪಿಯಾನೋ ನುಡಿಸುವವಳು ಸಿಕ್ಕಿದ್ದು ಅದೃಷ್ಟ. ನನ್ನ ಟೀಚರಿನ ಹಳೆಯ ಶಿಷ್ಯೆ. ರೆಕಾರ್ಡಿಂಗಿಗೆ ಎಂಟು ತಾಲೀಮು ಬೇಕು ಅಂದಳು. ನಾನು ಮೂರು ಸಾಕು ಅಂದುಕೊಂಡಿದ್ದೆ. ಅವಳೇ ಸರಿ. ಹಾಗೇ ಕೇಳಿ ತಿಳಿದದ್ದು: ಇಲ್ಲಿ ‘ಟೋನ್‌ಮೈಸ್ಟರ್’ ಅನ್ನುವ ಒಂದು ವೃತ್ತಿಯೇ ಇದೆ. ಬರೀ ಸೌಂಡ್ ಎಂಜಿನಿಯರ್ ಅಲ್ಲ. ಸ್ವರಲಿಪಿ ಓದುತ್ತಾ, ಯಾವ ಸಾಲಿನಲ್ಲಿ ಯಾವ ಟೇಕ್ ಸರಿಯಿದೆ ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಕೂರುವವರು. ಇದಕ್ಕೆ ಡೆಟ್‌ಮೋಲ್ಡ್, ಬರ್ಲಿನ್‌ನಲ್ಲಿ ಡಿಗ್ರಿಯೇ ಇದೆ. ದುಡ್ಡು ಉಳಿಸಬೇಕು ಅನಿಸಿದರೆ ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಜಾಗದ ಕಥೆ ಕೇಳಿ. ಸ್ಟುಡಿಯೋಗಳಲ್ಲಿ ಒಳ್ಳೆಯ ಪಿಯಾನೋ ಇದ್ದರೆ ಕೋಣೆ ಸತ್ತಂತಿರುತ್ತದೆ, ಹಾಡಿದ್ದು ಗೋಡೆಯೊಳಗೆ ಇಂಗಿಹೋಗುತ್ತದೆ. ದೊಡ್ಡ ಚರ್ಚಿನಲ್ಲಿ ಪ್ರತಿಧ್ವನಿ ಜಾಸ್ತಿ, ಕವಿತೆಯ ಪದಗಳು ಕಲಸಿಹೋಗುತ್ತವೆ. ಈ ಹಾಡುಗಳು ಹುಟ್ಟಿದ್ದು ಮನೆಯ ಹಜಾರಕ್ಕೆ, ಹಾಗಾಗಿ ದೊಡ್ಡ ಹಜಾರದಂಥ ಜಾಗ ಬೇಕು. ಒಂದು ಚರ್ಚಿನ ಸಮುದಾಯ ಭವನ ಸಿಕ್ಕಿತು. ಮರದ ನೆಲ, ಎತ್ತರದ ಚಾವಣಿ, ದಿನಕ್ಕೆ 220 ಯೂರೋ. ನವೆಂಬರಿಗೆ ಬುಕ್ ಮಾಡಿದೆ.

ಎರಡು ದಿನ ಮುಂಚೆ ನೆಗಡಿ. ಸಣ್ಣದಲ್ಲ, ದನಿಯೇ ಇಲ್ಲ. ಅಮ್ಮ ಮೈಸೂರಿನಿಂದ ವಿಡಿಯೊ ಕಾಲ್‌ನಲ್ಲಿ ಮೆಣಸಿನ ಕಷಾಯ ಹೇಳಿಕೊಟ್ಟರು, ಕುಡಿದೆ, ಅತ್ತೆ, ರದ್ದು ಮಾಡಿದೆ. ಭವನದವರು ಅರ್ಧ ಬಾಡಿಗೆ ಇಟ್ಟುಕೊಂಡರು. ಅದು ಕರಾರಿನಲ್ಲೇ ಇತ್ತು, ನಾನೇ ಓದಿರಲಿಲ್ಲ. ಚಳಿಗಾಲದಲ್ಲಿ ಗಂಟಲನ್ನು ನಂಬಿ ದಿನ ಗೊತ್ತು ಮಾಡುವುದಾದರೆ ರದ್ದತಿಯ ಸಾಲನ್ನು ಮೊದಲು ಓದಿ. ಸಾಧ್ಯವಾದರೆ ಮೇ ಅಥವಾ ಜೂನ್ ಇಟ್ಟುಕೊಳ್ಳಿ. ನನಗೆ ಮುಂದಿನ ಖಾಲಿ ದಿನ ಸಿಕ್ಕಿದ್ದು ಜನವರಿಯಲ್ಲಿ.

ಈ ನಡುವೆ ಒಂದು ಘಟನೆ ನಡೆಯಿತು, ಅದರಿಂದ ನನ್ನ ಹಾಡೇ ಬದಲಾಯಿತು. ಅಮ್ಮನಿಗೆ ರಾಬರ್ಟನ ತಾವರೆಯ ಅರ್ಥ ಹೇಳುತ್ತಿದ್ದೆ: ತಾವರೆಗೆ ಸೂರ್ಯನ ಬೆಳಕೆಂದರೆ ಅಂಜಿಕೆ, ತಲೆ ತಗ್ಗಿಸಿ ಕನಸು ಕಾಣುತ್ತಾ ರಾತ್ರಿಗೆ ಕಾಯುತ್ತದೆ, ಚಂದ್ರ ಅದರ ನಲ್ಲ, ಅವನು ಬಂದ ಮೇಲೆ ಮುಖ ತೆರೆಯುತ್ತದೆ. ಅಮ್ಮ ತಕ್ಷಣ ತಡೆದರು.

“ತಾವರೆ ಸೂರ್ಯಂಗೆ ಹೆದರತ್ತಾ? ಯಾರೇ ಅವನು ಬರೆದೋನು? ಅದು ನೈದಿಲೆ ಕಣೇ ಪುಟ್ಟಿ.”

ನಿಜವೇ! ನಮ್ಮ ಕಾವ್ಯದಲ್ಲಿ ತಾವರೆ ಸೂರ್ಯನದು, ನೈದಿಲೆ ಚಂದ್ರನದು. ಚಂದ್ರನಿಗೆ ಕುಮುದಬಾಂಧವ ಅಂತಲೇ ಹೆಸರು. ಆಮೇಲೆ ಹುಡುಕಿ ನೋಡಿದರೆ ರಾತ್ರಿ ಅರಳುವ ಒಂದು ಬಿಳಿ ನೈದಿಲೆಗೆ ಸಸ್ಯಶಾಸ್ತ್ರದಲ್ಲಿ ನಿಂಫಿಯಾ ಲೋಟಸ್ ಅಂತಲೇ ಹೆಸರಿದೆ, ಹಾಗಾಗಿ ಕವಿಯನ್ನು ಪೂರ್ತಿ ಬಯ್ಯುವ ಹಾಗೂ ಇಲ್ಲ. ಅಲ್ಲಿಯ ತನಕ ನಾನು ಆ ಹಾಡನ್ನು ದೇವರಮನೆಯ ತಾವರೆಯ ಹಾಗೆ ಗಂಭೀರವಾಗಿ, ಸ್ವಲ್ಪ ಬಿಗಿಯಾಗಿ ಹಾಡುತ್ತಿದ್ದೆ. ಚಂದ್ರ ಬರುವ ಜಾಗದಲ್ಲಿ ರಾಬರ್ಟ್ ಆಧಾರ ಶ್ರುತಿಯನ್ನೇ ಬೇರೆ ಕಡೆಗೆ ಸರಿಸುತ್ತಾನೆ, ಕತ್ತಲ ಕೋಣೆಯ ಕಿಟಕಿ ತೆಗೆದ ಹಾಗೆ. ಅದು ನನಗೆ ಲೆಕ್ಕದಲ್ಲಿ ಗೊತ್ತಿತ್ತು, ಹಾಡಲು ಬರುತ್ತಿರಲಿಲ್ಲ. ನೈದಿಲೆ ಅಂದ ಮೇಲೆ ಬಂತು. ಮೈಸೂರಿನ ಲಿಂಗಾಂಬುಧಿ ಕೆರೆ ಕಣ್ಣ ಮುಂದೆ ಬಂತು ಅಂದರೂ ಸರಿ.

ಜನವರಿಯ ಆ ದಿನ. ಬೆಳಿಗ್ಗೆ ಎಂಟಕ್ಕೆ ಪಿಯಾನೋ ಶ್ರುತಿ ಮಾಡುವವರು ಬಂದರು. ಇಲ್ಲಿ ಸಾಮಾನ್ಯವಾಗಿ ‘ಎ’ ಸ್ವರವನ್ನು ಸೆಕೆಂಡಿಗೆ 442 ಕಂಪನಕ್ಕೆ ಕೂಡಿಸುತ್ತಾರೆ. ಅಷ್ಟರಲ್ಲಿ ಟೋನ್‌ಮೈಸ್ಟರ್ ಹೆಡ್‌ಫೋನ್ ಹಾಕಿಕೊಂಡು ಭವನವೆಲ್ಲ ಓಡಾಡಿದರು. ಅವರ ಕಿವಿಗೆ ಬಿದ್ದದ್ದು: ಅಡುಗೆಮನೆಯ ಫ್ರಿಜ್, ಟ್ರ್ಯಾಮ್ ತಿರುವಿನಲ್ಲಿ ಕಿರುಗುಟ್ಟುವುದು, ಹೀಟರಿನ ಟಿಕ್ ಟಿಕ್, ಕಾಲು ಗಂಟೆಗೊಮ್ಮೆ ಹೊಡೆಯುವ ಚರ್ಚಿನ ಗಂಟೆ. ಗಂಟೆ ನಿಲ್ಲಿಸುವ ಹಾಗಿಲ್ಲ. ಅದಕ್ಕೇ ಇಡೀ ದಿನವನ್ನು ಹನ್ನೆರಡು ಹನ್ನೆರಡು ನಿಮಿಷದ ತುಂಡು ಮಾಡಿಕೊಂಡೆವು. ಫ್ರಿಜ್ ಆಫ್ ಮಾಡಿದೆವು. ಅವರು ತಮ್ಮ ಕಾರಿನ ಕೀ ಅದರೊಳಗೆ ಇಟ್ಟು ಬಾಗಿಲು ಹಾಕಿದರು. ಯಾಕೆ ಅಂದೆ. ಹೊರಡುವಾಗ ಮರೆಯದೆ ಮತ್ತೆ ಆನ್ ಮಾಡಲು ಅಂದರು. ಒಳಗೆ ಭಾನುವಾರದ ಕೇಕುಗಳಿದ್ದವು. ಇಡೀ ಯಾತ್ರೆಯಲ್ಲಿ ನಾನು ಕಲಿತ ಅತ್ಯುತ್ತಮ ಉಪಾಯ ಇದೇ.

ಹೀಟರ್ ಆಫ್ ಮಾಡಿದ್ದು ಮಾತ್ರ ದುಬಾರಿ ಬಿತ್ತು. ಎರಡು ಗಂಟೆಯಲ್ಲಿ ಭವನ 14 ಡಿಗ್ರಿಗೆ ಇಳಿಯಿತು. ಚಳಿಗೆ ಪಿಯಾನೋ ಶ್ರುತಿ ಬಿಟ್ಟಿತು. ಮಧ್ಯಾಹ್ನ ಶ್ರುತಿಯವರನ್ನು ಮತ್ತೆ ಕರೆಸಬೇಕಾಯಿತು, ಎರಡು ಸಲಕ್ಕೆ ಸೇರಿ 260 ಯೂರೋ. ಹಿಂದಿನ ರಾತ್ರಿಯೇ ಹೀಟರ್ ಕಡಿಮೆ ಮಾಡಿ, ಕೋಣೆ ಒಂದು ಹದಕ್ಕೆ ನಿಂತ ಮೇಲೆ ಶ್ರುತಿ ಮಾಡಿಸಬೇಕಿತ್ತು ಅಂತ ಅವರು ಆಮೇಲೆ ಹೇಳಿದರು. ನೀವು ಮೊದಲೇ ಕೇಳಿ.

ಬಟ್ಟೆಯ ವಿಷಯ. ಫೋಟೊಗೆ ಇರಲಿ ಅಂತ ಮೈಸೂರು ರೇಷ್ಮೆ ಉಟ್ಟು ಹೋಗಿದ್ದೆ. ಉಸಿರು ತೆಗೆದರೆ ಸರಸರ. ಬಳೆ ಮೊದಲೇ ತೆಗೆಸಿದರು. ಕೊನೆಗೆ ಹತ್ತಿ ಕುರ್ತಾ, ಮೇಲೆ ಟೋನ್‌ಮೈಸ್ಟರರ ಉಣ್ಣೆ ಸ್ವೆಟರ್, ಕಾಲಿಗೆ ಬರೀ ಸಾಕ್ಸ್. ಮಧ್ಯಾಹ್ನದ ಊಟ ಸ್ವಲ್ಪವೇ ಇರಲಿ, ಆದರೆ ಬಿಡಬೇಡಿ. ಹಸಿದ ಹೊಟ್ಟೆ ಗುರ್ ಅಂದಿದ್ದು ಒಂದು ಒಳ್ಳೆಯ ಟೇಕಿನ ಮೇಲೆ ಈಗಲೂ ಇದೆ.

ಮೈಕ್ ಇಡುವುದಕ್ಕೇ ಒಂದೂವರೆ ಗಂಟೆ ಹೋಯಿತು. ಪಿಯಾನೋ ಮುಚ್ಚಳ ಪೂರ್ತಿ ತೆರೆದು, ಅದರೆದುರು ಎರಡು ಮೈಕ್, ನನಗೆ ಬೇರೆ ಒಂದು. ನನ್ನ ಸ್ವರಲಿಪಿಯ ಸ್ಟ್ಯಾಂಡ್ ತಗ್ಗಿಸಿ ಅದರ ಮೇಲೆ ಟವೆಲ್ ಹಾಕಿದರು, ದನಿ ಅದಕ್ಕೆ ಬಡಿದು ವಾಪಸ್ ಬರಬಾರದು ಅಂತ. ಕಷ್ಟದ ಹಾಡು ಮೊದಲು ಅಂತ ಕ್ಲಾರಾಳ ‘ಮೌನ ತಾವರೆ’ ಹಿಡಿದೆವು. ಅದರ ಕೊನೆಯಲ್ಲಿ ಒಂದು ಪ್ರಶ್ನೆ ಇದೆ: ಹಂಸ ಹಾಡುತ್ತಿದೆ, ಬಿಳಿಯ ಹೂವೇ, ಅದರ ಹಾಡು ನಿನಗೆ ಅರ್ಥವಾಗುತ್ತದಾ? ಉತ್ತರವಿಲ್ಲ. ಪಿಯಾನೋ ಕೂಡ ಷಡ್ಜಕ್ಕೆ ಮರಳುವುದಿಲ್ಲ, ಪಂಚಮದ ಮೇಲೆ ಕಟ್ಟಿದ ಸ್ವರಗುಚ್ಛದಲ್ಲಿ ಹಾಗೇ ತೂಗುತ್ತಾ ನಿಂತುಬಿಡುತ್ತದೆ. ಆ ಕೊನೆಯ ನಾದ ಪೂರ್ತಿ ಆರುವ ತನಕ ಯಾರೂ ಕದಲಬಾರದು. ಮೊದಲ ಸಲ ಟ್ರ್ಯಾಮ್ ಬಂತು. ಎರಡನೆಯ ಸಲ ನನ್ನ ಮೂಗು ಸೊರ್ ಅಂದಿತು. ಐದನೆಯ ಸಲ ದಕ್ಕಿತು.

ರಾಬರ್ಟನ ತಾವರೆ, ಎರಡು ನಿಮಿಷವೂ ಇಲ್ಲದ ಹಾಡು, ಒಂಬತ್ತು ಟೇಕ್ ತಿಂದಿತು. ಪಿಯಾನೋಗೆ ಅಲ್ಲಿ ಮೆಲ್ಲಗೆ ಒಂದೇ ಸಮನೆ ಬಡಿಯುವ ಸ್ವರಗುಚ್ಛಗಳು. ಒಂದು ಚೂರು ಜೋರಾದರೂ ಕೆರೆಗೆ ಕಲ್ಲು ಬಿದ್ದ ಹಾಗೆ. ಕೊನೆಗೆ ಆರಿಸಿದ್ದು ಎರಡನೆಯ ಟೇಕ್. ಮುಂದಿನ ಏಳು ಸುಮ್ನೆ ನಮ್ಮ ಹಟಕ್ಕೆ. ಸಂಜೆ ಐದಕ್ಕೆ ದನಿ ಮುಗಿಯಿತು. ಮೆಂಡೆಲ್ಸನ್ ಹಾಡು ಕೊನೆಗಿತ್ತು, ಅದರಲ್ಲಿ ನನ್ನ ದಣಿವು ಕೇಳಿಸುತ್ತದೆ. ಒಂದು ದಿನಕ್ಕೆ ಮೂರು ಹಾಡು ಸಾಕು, ಐದು ದುರಾಸೆ.

ಎಡಿಟ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮೊದಲ ಸಲ ನಿಮ್ಮ ದನಿ ಕೇಳಿದಾಗ ಕೆಲಸ ಬಿಟ್ಟು ಊರಿಗೆ ಹೋಗಬೇಕು ಅನಿಸುತ್ತದೆ, ಎರಡು ದಿನ ಬಿಟ್ಟು ಕೇಳಿ. ಉಸಿರಿನ ಸದ್ದು ತೆಗೆಸಬೇಡಿ. ನಾನು ಒಂದು ಹಾಡಿನಲ್ಲಿ ತೆಗೆಸಿ ನೋಡಿದೆ, ಲಿಫ್ಟಿನ ಪ್ರಕಟಣೆಯ ಹಾಗಿತ್ತು, ವಾಪಸ್ ಹಾಕಿಸಿದೆ. ದನಿಯ ಏರಿಳಿತವನ್ನೂ ಚಪ್ಪಟೆ ಮಾಡಿಸಬೇಡಿ.

ಆಮೇಲೆ ಕಾಗದಪತ್ರ. ಐವರೂ ತೀರಿಹೋಗಿ ನೂರು ವರ್ಷ ದಾಟಿದೆ. ಮೆಂಡೆಲ್ಸನ್ 1847, ಹೈನೆ ಮತ್ತು ರಾಬರ್ಟ್ ಇಬ್ಬರೂ 1856, ರೂಕರ್ಟ್ 1866, ಗೈಬೆಲ್ 1884. ಎಣಿಸಿದರೆ ಐದೇ, ಕ್ಲಾರಾ ಸೇರಿ ಆರು, ಅವಳು 1896. ನೋಡಿ, ಫಾರಂನಲ್ಲೂ ಅವಳನ್ನೇ ಮರೆತಿದ್ದೆ. ತೀರಿಕೊಂಡು 70 ವರ್ಷವಾದರೆ ಇಲ್ಲಿ ಹಕ್ಕು ಮುಗಿಯುತ್ತದೆ, ಇಂಡಿಯಾದಲ್ಲಿ 60. ಆದರೂ ನೂರು ಸಿಡಿ ಒತ್ತಿಸಲು ಹೋದಾಗ, ಗೆಮಾ ಅನ್ನುವ ಹಕ್ಕುಸಂಘಕ್ಕೆ ವಿವರ ಕಳಿಸಿ, ಏನೂ ಕಟ್ಟಬೇಕಿಲ್ಲ ಅಂತ ಕಾಗದ ತನ್ನಿ ಅಂದರು. ಏನೂ ಬಾಕಿ ಇಲ್ಲ ಅನ್ನುವುದಕ್ಕೂ ಒಂದು ಕಾಗದ! ಪ್ರತಿ ಹಾಡಿಗೂ ಆ ರೆಕಾರ್ಡಿಂಗನ್ನು ಗುರುತಿಸುವ ಐಎಸ್‌ಆರ್‌ಸಿ ಅನ್ನುವ 12 ಅಕ್ಷರದ ಸಂಖ್ಯೆ ಬೇಕು, ಅದನ್ನು ಆನ್‌ಲೈನ್ ವಿತರಕರೇ ಕೊಟ್ಟರು. ಅವರ ಫಾರಂ ಮೂರು ಸಲ ವಾಪಸ್ ಬಂತು. ಸಂಯೋಜಕ, ಕವಿ, ಗಾಯಕಿ, ಪಿಯಾನೋ, ಓಪಸ್ ಸಂಖ್ಯೆ (ಸಂಯೋಜಕರ ಕೃತಿಯ ಕ್ರಮಸಂಖ್ಯೆ), ಎಲ್ಲವನ್ನೂ ಒಂದೇ ಕ್ರಮದಲ್ಲಿ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಇದಕ್ಕಿಂತ ವಿಚಿತ್ರ, ಮಾರ್ಚಿನಲ್ಲಿ ರಾಬರ್ಟನ ತಾವರೆಯ ವಿಡಿಯೊ ಒಂದನ್ನು ಹಾಕಿದ ಗಂಟೆಯೊಳಗೆ, ಈ ಧ್ವನಿಮುದ್ರಣ ಬೇರೊಂದು ಕಂಪನಿಯದು ಅಂತ ನೋಟಿಸ್ ಬಂತು. ಅದೇ ಹಾಡನ್ನು ಬೇರೆ ಯಾರೋ ಹಾಡಿದ್ದಾರೆ, ಯಂತ್ರಕ್ಕೆ ಎರಡೂ ಒಂದೇ ಅನಿಸಿದೆ. ಒಂದು ಕ್ಷಣ ಹೆಮ್ಮೆಯೂ ಆಯಿತು ಅನ್ನಿ. ಸಂಯೋಜನೆಗೆ ಹಕ್ಕು ಮುಗಿದಿದೆ, ಹಾಡಿದ್ದು ನಾನು, ನುಡಿಸಿದ್ದು ಇವಳು, ದಿನ ಇದು, ಜಾಗ ಇದು ಅಂತ ಆಕ್ಷೇಪಣೆ ಬರೆದೆ. ಉತ್ತರಕ್ಕೆ ಅವರಿಗೆ 30 ದಿನ ಇತ್ತು. 26ನೆಯ ದಿನ ಕೈಬಿಟ್ಟರು. ರೆಕಾರ್ಡಿಂಗ್ ದಿನದ ಫೋಟೊ, ಭವನದ ರಸೀದಿ, ಟೇಕ್ ಹಾಳೆ ಇವನ್ನೆಲ್ಲ ಎಸೆಯಬೇಡಿ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಭವನ, ರದ್ದಾದ ಅರ್ಧ ಬಾಡಿಗೆ, ಶ್ರುತಿ, ಟೋನ್‌ಮೈಸ್ಟರ್‌ಗೆ ದಿನಕ್ಕೆ 700, ಎಡಿಟ್‌ಗೆ 480, ಪಿಯಾನೋಗೆ 600 (ಸ್ನೇಹದ ಲೆಕ್ಕ), ಸಿಡಿ, ವಿತರಣೆ, ಎಲ್ಲ ಸೇರಿ 2,700 ಯೂರೋ ಹತ್ತಿರ. ಒಂದು ನಿಮಿಷಕ್ಕೆ 200ಕ್ಕೂ ಜಾಸ್ತಿ. ನಮ್ಮೂರಿನ ಜಯಚಾಮರಾಜ ಒಡೆಯರು 1940ರ ದಶಕದಲ್ಲಿ ಲಂಡನ್ನಿನಲ್ಲಿದ್ದ ರಷ್ಯಾದ ಸಂಯೋಜಕ ಮೆಟ್ನರ್‌ನ ಸಂಗೀತ ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟಿದ್ದರು. ಅದರಲ್ಲಿ ಮೆಟ್ನರ್ ತಾನೇ ಪಿಯಾನೋಗೆ ಕೂತು ನುಡಿಸಿದ ಇಂಥದೇ ಹಾಡುಗಳೂ ಇವೆ. ಋಣಕ್ಕೆ ಅವನು ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ನಾನು ಎಪ್ಪತ್ತೈದು ವರ್ಷ ತಡವಾಗಿ ಹುಟ್ಟಿದೆ. ನನ್ನ ಮಹಾರಾಜ ನನ್ನ ಸಂಬಳದ ಖಾತೆ.

ಬಿಡುಗಡೆಯಾದ ದಿನ ಲಿಂಕ್ ಅನ್ನು ಎಲ್ಲರಿಗೂ ಮೊದಲು ಅಮ್ಮನಿಗೆ ಕಳಿಸಿದೆ. ಐದು ಹಾಡಿನಲ್ಲಿ ‘ಮೌನ ತಾವರೆ’ಯನ್ನು ಕೊನೆಗೆ ಇಟ್ಟಿದ್ದೆ. ಅರ್ಧ ಗಂಟೆ ಏನೂ ಸುದ್ದಿಯಿಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್ ಬಂತು.

“ಪುಟ್ಟೀ, ಎಲ್ಲಾ ಚೆನ್ನಾಗಿ ಬಂದಿದೆ. ನೈದಿಲೇದಂತೂ ಎರಡು ಸಲ ಕೇಳ್ದೆ. ಕೊನೇದು ಮಾತ್ರ ಪೂರ್ತಿ ಬಂದಿಲ್ಲ ಕಣೇ, ನಡುವೆ ನಿಂತ್ಹೋಗಿದೆ. ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅನ್ಸತ್ತೆ, ಇನ್ನೊಂದ್ಸಲ ಕಳಿಸು.”